ಹಳೇ ಕಂಪ್ಯೂಟರ್, ಹೊಸ ಟೀವಿ: ಕೇಬಲ್ ಒಂದಿದ್ದರೆ ಸಾಕಾ?

ಹಳೇ ಹೋಮ್ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಮೇಜಿನ ಮೇಲಿಟ್ಟವರಿಗೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ಇದನ್ನು ಯಾವುದಕ್ಕೆ ಸಿಕ್ಕಿಸೋದು? ಕಮೊಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಮಿಗಾ, ಅಟಾರಿ ಎಸ್‌ಟಿ ಇವೆಲ್ಲ ಬಂದ ಕಾಲದಲ್ಲಿ ಟೀವಿ ಅಂದರೆ ಒಳಗೆ ಗಾಜಿನ ಟ್ಯೂಬ್ ಇರುವ ದಪ್ಪ ಪೆಟ್ಟಿಗೆ. ಅಂಥವು ಬಹುಪಾಲು ಗುಜರಿಗೆ ಹೋಗಿವೆ. ಈಗಿನ ಟೀವಿಯ ಹಿಂದೆ ಎಚ್‌ಡಿಎಂಐ ಸಾಕೆಟ್ ಮೂರೋ ನಾಲ್ಕೋ ಇರುತ್ತವೆ. ಹಳದಿ, ಕೆಂಪು, ಬಿಳಿ ಸಾಕೆಟ್‌ಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಹೊಸ ಮಾನಿಟರ್‌ಗಳಲ್ಲಿ ವಿಜಿಎ ಸಾಕೆಟ್ ಕೂಡ ಕಡಿಮೆ.

ಆಗ ಯಾರಿಗಾದರೂ ಹೊಳೆಯುವುದು ಒಂದೇ: ಈ ಕಡೆ ಹಳೇ ಪಿನ್, ಆ ಕಡೆ ಎಚ್‌ಡಿಎಂಐ ಇರುವ ಕೇಬಲ್ ತರೋಣ. ಆನ್‌ಲೈನ್‌ನಲ್ಲಿ ಅಂಥವು ಸಿಗುತ್ತವೆ ಕೂಡ. ಒಂದು ತುದಿಯಲ್ಲಿ ಮೂರು ಬಣ್ಣದ ಪಿನ್, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ, ನಡುವೆ ಬರೀ ತಂತಿ. ಅದನ್ನು ಕೊಂಡರೆ ದುಡ್ಡು ದಂಡ. ಪರದೆ ಕಪ್ಪಾಗೇ ಇರುತ್ತದೆ. ಯಾಕೆ ಅಂತ ಗೊತ್ತಾದರೆ ಯಾವ ಪೆಟ್ಟಿಗೆ ಕೊಳ್ಳಬೇಕು, ಯಾವುದು ಬೇಡ ಅನ್ನುವುದೂ ಗೊತ್ತಾಗುತ್ತದೆ.

## ಸೆಕೆಂಡಿಗೆ 15 ಸಾವಿರ ಸಾಲು

ಎಚ್‌ಡಿಎಂಐನಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್, ಅಂದರೆ ಅಂಕಿಗಳು. ಹಳೇ ಕಂಪ್ಯೂಟರ್‌ಗಳು ಹೆಚ್ಚಾಗಿ ಕೊಡುವುದು ಅನಲಾಗ್ ಸಿಗ್ನಲ್, ಅಂದರೆ ಏರಿಳಿಯುವ ವೋಲ್ಟೇಜ್. ಒಂದನ್ನು ಇನ್ನೊಂದಕ್ಕೆ ಬದಲಿಸಲು ಚಿಪ್ ಬೇಕು, ಆ ಚಿಪ್‌ಗೆ ಕರೆಂಟ್ ಬೇಕು. ಬರೀ ತಂತಿಯಿಂದ ಆಗದಿರುವುದು ಅದಕ್ಕೇ. ಆದರೆ ಇದು ತೊಂದರೆಯ ಸುಲಭದ ಭಾಗ. ಕಷ್ಟದ್ದು ಬೇರೆ ಇದೆ, ಅದು ವೇಗದ್ದು.

ಟ್ಯೂಬ್ ಟೀವಿಯಲ್ಲಿ ಚಿತ್ರ ಒಟ್ಟಿಗೆ ಮೂಡುವುದಿಲ್ಲ. ಟ್ಯೂಬಿನ ಹಿಂದಿನಿಂದ ಹೊರಟ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದು ಸಾಲು ಎಳೆಯುತ್ತದೆ, ತಟ್ಟನೆ ಎಡಕ್ಕೆ ಮರಳುತ್ತದೆ, ಸ್ವಲ್ಪ ಕೆಳಗೆ ಇನ್ನೊಂದು ಸಾಲು ಎಳೆಯುತ್ತದೆ. ನೇಗಿಲು ಹೂಡಿ ಹೊಲದಲ್ಲಿ ಸಾಲಿನ ಕೆಳಗೆ ಸಾಲು ಹೊಡೆಯುತ್ತ ಹೋದ ಹಾಗೆ. ಯುರೋಪ್ ಮತ್ತು ಏಷ್ಯಾದ ಹಲವು ದೇಶಗಳು ಬಳಸಿದ ಪಾಲ್ ಪದ್ಧತಿಯಲ್ಲಿ ಒಂದು ಪೂರ್ತಿ ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಸಾಲು. ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿಯಲ್ಲಿ 525 ಸಾಲು, ಸೆಕೆಂಡಿಗೆ ಹೆಚ್ಚುಕಮ್ಮಿ 30 ಚಿತ್ರ. ಅಲ್ಲಿ ಲೆಕ್ಕ 15,734ರ ಹತ್ತಿರ ಬರುತ್ತದೆ. ಹಳೇ ಕಂಪ್ಯೂಟರ್‌ಗಳ ವಿಷಯದಲ್ಲಿ "15 ಕಿಲೊಹರ್ಟ್ಸ್" ಅಂತ ಪದೇ ಪದೇ ಕೇಳಿಬರುವುದು ಇದೇ ಸಂಖ್ಯೆ.

ಹೋಮ್ ಕಂಪ್ಯೂಟರ್ ಮಾಡಿದವರು ಮನೆಯಲ್ಲಿ ಆಗಲೇ ಇದ್ದ ಟೀವಿಯನ್ನೇ ಪರದೆಯಾಗಿ ಬಳಸಿಕೊಂಡರು. ಬೇರೆ ಮಾನಿಟರ್ ಮಾರಿದರೆ ಬೆಲೆ ಏರುತ್ತಿತ್ತು. ಹಾಗಾಗಿ ಈ ಯಂತ್ರಗಳೆಲ್ಲ ಟೀವಿಯ 15 ಕಿಲೊಹರ್ಟ್ಸ್‌ಗೇ ಕುಣಿಯುತ್ತವೆ. 1987ರಲ್ಲಿ ಐಬಿಎಂನ ವಿಜಿಎ, ಅಂದರೆ ಪಿಸಿಯಿಂದ ಮಾನಿಟರ್‌ಗೆ ಚಿತ್ರ ಕಳಿಸುವ ಪದ್ಧತಿ, ಬಂತು. ಅದು ಶುರುವಾಗುವುದೇ ಸುಮಾರು 31.5 ಕಿಲೊಹರ್ಟ್ಸ್‌ನಿಂದ, ಸರಿಯಾಗಿ ಎರಡು ಪಟ್ಟು. ಅಲ್ಲಿಂದ ಮುಂದೆ ಬಂದ ಬಹುತೇಕ ಪಿಸಿ ಮಾನಿಟರ್‌ಗಳು ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅಮಿಗಾಕ್ಕೆ ವಿಜಿಎ ಅಡಾಪ್ಟರ್ ಹಾಕಿ, ಪಿನ್ ಎಲ್ಲ ಸರಿಯಾಗಿ ಕೂತರೂ ಮಾನಿಟರ್ "ಸಿಗ್ನಲ್ ವ್ಯಾಪ್ತಿಯ ಹೊರಗಿದೆ" ಅನ್ನುವುದು ಇದಕ್ಕೇ. ಕೇಬಲ್ ಸರಿಯಾಗಿದೆ, ಮಾನಿಟರ್ ಕೂಡ ಸರಿಯಾಗಿದೆ. ಅಷ್ಟು ನಿಧಾನವಾಗಿ ಸಾಲು ಬಂದರೆ ಅದಕ್ಕೆ ಹಿಡಿಯಲು ಬರುವುದಿಲ್ಲ, ಅಷ್ಟೇ.

ಎಲ್ಲೋ ಕೆಲವು ಎಲ್‌ಸಿಡಿ ಮಾನಿಟರ್‌ಗಳು 15 ಕಿಲೊಹರ್ಟ್ಸ್ ತೆಗೆದುಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳುವ ಮುಂಚೆ ಅದರ ಮ್ಯಾನ್ಯುಯಲ್ ತೆರೆದು "ಹಾರಿಜಾಂಟಲ್ ಫ್ರೀಕ್ವೆನ್ಸಿ" ಅನ್ನುವ ಸಾಲು ನೋಡಿ. ಅಲ್ಲಿನ ಚಿಕ್ಕ ಸಂಖ್ಯೆ 15 ಇದ್ದರೆ ಅದೃಷ್ಟ. 30 ಅಥವಾ 31 ಇದ್ದರೆ ನಡುವೆ ಪೆಟ್ಟಿಗೆ ಬೇಕೇ ಬೇಕು.

## ನಿಮ್ಮ ಯಂತ್ರದಿಂದ ಹೊರಬರುವುದು ಏನು?

ಹಳೇ ಕಂಪ್ಯೂಟರ್‌ಗಳು ಚಿತ್ರವನ್ನು ನಾಲ್ಕು ಬಗೆಯಲ್ಲಿ ಹೊರಗೆ ಕಳಿಸುತ್ತವೆ. ಹೆಚ್ಚಿನವುಗಳಲ್ಲಿ ಒಂದಕ್ಕಿಂತ ಜಾಸ್ತಿ ಬಗೆ ಇರುತ್ತದೆ.

ಎಲ್ಲಕ್ಕಿಂತ ಕೆಳಗಿನದು ಆರ್‌ಎಫ್. ಕಂಪ್ಯೂಟರ್ ತಾನೊಂದು ಪುಟ್ಟ ಟೀವಿ ಸ್ಟೇಷನ್ ಅನ್ನುವ ಹಾಗೆ ಚಿತ್ರವನ್ನು ಚಾನೆಲ್ ಮೇಲೆ ಹತ್ತಿಸಿ ಆಂಟೆನಾ ಸಾಕೆಟ್‌ಗೆ ಕಳಿಸುತ್ತದೆ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಯುಎಚ್‌ಎಫ್‌ನ 36ನೇ ಚಾನೆಲ್‌ನಲ್ಲಿ ಸಿಗುತ್ತದೆ. ಅಮೆರಿಕದ ಯಂತ್ರಗಳು 3 ಅಥವಾ 4ನೇ ಚಾನೆಲ್ ಬಳಸುತ್ತವೆ. ಟೀವಿಯಲ್ಲಿ ಅನಲಾಗ್ ಟ್ಯೂನರ್ ಇನ್ನೂ ಇದ್ದರೆ ಚಿತ್ರ ಬಂದೇ ಬರುತ್ತದೆ, ಆದರೆ ಮಬ್ಬು, ಗರಗರ. ಟ್ಯೂನರ್ ಡಿಜಿಟಲ್ ಮಾತ್ರ ಆಗಿದ್ದರೆ ಏನೂ ಬರುವುದಿಲ್ಲ.

ಅದರ ಮೇಲಿನದು ಕಾಂಪೊಸಿಟ್, ಅಂದರೆ ಆ ಹಳದಿ ಪಿನ್. ಇಲ್ಲಿ ಚಾನೆಲ್ ಗೊಡವೆ ಇಲ್ಲ. ಆದರೆ ಬೆಳಕು ಮತ್ತು ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸಲಾಗುತ್ತದೆ. ಟೀವಿ ಅವನ್ನು ಮತ್ತೆ ಬಿಡಿಸಬೇಕು. ಬಿಡಿಸುವಾಗ ಪೂರ್ತಿ ಬಿಡುವುದಿಲ್ಲ. ಕೆಂಪು ಅಕ್ಷರದ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಇರುವೆಯಂತೆ ಹರಿದಾಡುವುದು, ಒತ್ತಾಗಿ ಎಳೆದ ಕಪ್ಪು ಬಿಳಿ ಗೆರೆಗಳಲ್ಲಿ ಇಲ್ಲದ ಬಣ್ಣ ಕಾಣುವುದು, ಎರಡೂ ಇದರ ಫಲ.

ಮೂರನೆಯದು ಎಸ್‌-ವಿಡಿಯೊ. ಬೆಳಕಿಗೊಂದು ತಂತಿ, ಬಣ್ಣಕ್ಕೊಂದು ತಂತಿ. ನಾಲ್ಕು ಪಿನ್ನಿನ ಈ ಸಾಕೆಟ್ ಬಳಕೆಗೆ ಬಂದದ್ದು 1987ರಲ್ಲಿ. ಆದರೆ ಕಮೊಡೋರ್ 64 ಅದಕ್ಕೆ ಐದು ವರ್ಷ ಮೊದಲೇ ಬಂದ ಯಂತ್ರ, ಅದರ ಎಂಟು ಪಿನ್ನಿನ ಸಾಕೆಟ್‌ನಲ್ಲಿ ಬೆಳಕು, ಬಣ್ಣ ಎರಡೂ ಬೇರೆ ಬೇರೆಯಾಗೇ ಸಿಗುತ್ತವೆ.

ನಾಲ್ಕನೆಯದು ಆರ್‌ಜಿಬಿ. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಸಾಲು ಎಲ್ಲಿ ಶುರುವಾಗಬೇಕು ಅಂತ ಹೇಳುವ ಸಿಂಕ್‌ಗೆ ಇನ್ನೊಂದು. ಬೆರೆಸುವುದೂ ಇಲ್ಲ, ಬಿಡಿಸುವುದೂ ಇಲ್ಲ. ಚಿತ್ರ ಗಾಜು ತೊಳೆದಷ್ಟು ಚೊಕ್ಕ. ಅಮಿಗಾ, ಅಟಾರಿ ಎಸ್‌ಟಿ, ಬಿಬಿಸಿ ಮೈಕ್ರೊ, ಆಮ್‌ಸ್ಟ್ರಾಡ್ ಸಿಪಿಸಿ, ಸ್ಪೆಕ್ಟ್ರಮ್ 128 ಇವುಗಳಲ್ಲಿ ಇದು ಇದೆ. ಫ್ರಾನ್ಸ್‌ನಲ್ಲಿ ಹುಟ್ಟಿ ಯುರೋಪಿಗೆಲ್ಲ ಹರಡಿದ 21 ಪಿನ್ನಿನ ಸ್ಕಾರ್ಟ್ ಸಾಕೆಟ್ ಆರ್‌ಜಿಬಿಯನ್ನು ನೇರವಾಗಿ ಒಯ್ಯುತ್ತದೆ. ಅದಕ್ಕೇ ಇವತ್ತಿಗೂ ಹಳೇ ಕಂಪ್ಯೂಟರ್‌ಗಳ ಕೇಬಲ್‌ಗಳು ಸ್ಕಾರ್ಟ್ ತುದಿಯಲ್ಲೇ ಹೆಚ್ಚಾಗಿ ಸಿಗುವುದು.

ನನ್ನ ಮಟ್ಟಿಗೆ ನಿಯಮ ಇಷ್ಟೇ: ದುಬಾರಿ ಪೆಟ್ಟಿಗೆ ಕೊಳ್ಳುವ ಮುಂಚೆ ಯಂತ್ರದಿಂದ ಸಿಗುವ ಒಳ್ಳೆಯ ಸಿಗ್ನಲ್ ಯಾವುದೋ ಅದನ್ನು ತೆಗೆಯುವ ಕೇಬಲ್ ಕೊಳ್ಳಿ. ಕಾಂಪೊಸಿಟ್‌ನಲ್ಲಿ ಒಮ್ಮೆ ಕಳೆದುಹೋದ ವಿವರವನ್ನು ಯಾವ ಪೆಟ್ಟಿಗೆಯೂ ವಾಪಸ್ ತರುವುದಿಲ್ಲ.

ಒಂದು ಅಪವಾದ ಇದೆ, ಅದು ಮಜವಾಗಿದೆ. 1977ರ ಆಪಲ್ 2 ಕಾಂಪೊಸಿಟ್‌ನ ಆ ಕಲಬೆರಕೆಯನ್ನೇ ನೆಚ್ಚಿಕೊಂಡು ಬಣ್ಣ ಹುಟ್ಟಿಸುತ್ತದೆ. ಕಪ್ಪು ಬಿಳಿ ಚುಕ್ಕೆಗಳನ್ನು ಇಂತಿಂಥ ಜಾಗದಲ್ಲಿ ಇಟ್ಟರೆ ಎನ್‌ಟಿಎಸ್‌ಸಿ ಟೀವಿ ಅವನ್ನು ಬಣ್ಣ ಅಂತ ತಿಳಿಯುತ್ತದೆ. ಆ ಚುಕ್ಕೆಗಳನ್ನು ಚೊಕ್ಕವಾಗಿ ತೋರಿಸಿದರೆ ಬಣ್ಣವೇ ಹೋಯಿತು! ಅಲ್ಲಿ ಕಾಂಪೊಸಿಟ್ಟೇ ಸರಿ.

## ಅರ್ಧ ಸಾಲಿನ ಗುಟ್ಟು

ಹೊಸ ಟೀವಿಯಲ್ಲಿ ಹಳದಿ ಸಾಕೆಟ್ ಇದ್ದು, ಅದಕ್ಕೆ ಸಿಕ್ಕಿಸಿ, ಚಿತ್ರವೂ ಬಂತು ಅಂತಿಟ್ಟುಕೊಳ್ಳಿ. ಆದರೂ ಏನೋ ಸರಿಯಿಲ್ಲ. ಓಡುವ ಗೊಂಬೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದೆ. ಮಿನುಗಬೇಕಾದ ಗುಂಡು ಕಾಣುವುದೇ ಇಲ್ಲ. ಇದು ಯಾಕೆ?

ಟೀವಿ ಪ್ರಸಾರದಲ್ಲಿ 625 ಸಾಲನ್ನು ಒಂದೇ ಸಲ ಎಳೆಯುವುದಿಲ್ಲ. ಮೊದಲ ಸುತ್ತಿನಲ್ಲಿ ಒಂದು ಬಿಟ್ಟು ಒಂದು ಸಾಲು, ಎರಡನೇ ಸುತ್ತಿನಲ್ಲಿ ಬಿಟ್ಟುಹೋದ ಸಾಲುಗಳು. ಇದಕ್ಕೆ ಇಂಟರ್‌ಲೇಸ್ ಅಂತಾರೆ. ಒಂದೊಂದು ಸುತ್ತಿಗೆ ಸರಿಯಾಗಿ ಮುನ್ನೂರ ಹನ್ನೆರಡೂವರೆ ಸಾಲು. ಆ ಅರ್ಧ ಸಾಲಿನಿಂದಾಗಿ ಎರಡನೇ ಸುತ್ತು ಮೊದಲಿನದರ ನಡುವಿನ ಜಾಗಕ್ಕೆ ತಾನಾಗಿ ಇಳಿಯುತ್ತದೆ.

ಹೋಮ್ ಕಂಪ್ಯೂಟರ್‌ಗಳು ಆ ಅರ್ಧವನ್ನು ಕೈಬಿಟ್ಟವು. ಸ್ಪೆಕ್ಟ್ರಮ್ ಆಗಲಿ, ಪಾಲ್ ಕಮೊಡೋರ್ 64 ಆಗಲಿ, ಸುತ್ತಿಗೆ 312 ಸಾಲು ಕಳಿಸುತ್ತವೆ. ಎರಡನೇ ಸುತ್ತು ಮೊದಲಿನ ಸಾಲುಗಳ ಮೇಲೇ ಬೀಳುತ್ತದೆ. ಹೀಗೆ ಸೆಕೆಂಡಿಗೆ 25ರ ಬದಲು 50 ಪೂರ್ತಿ ಚಿತ್ರ ಸಿಗುತ್ತದೆ, ಅಕ್ಷರಗಳು ನಡುಗುವುದಿಲ್ಲ, ಓಟ ನುಣುಪಾಗಿರುತ್ತದೆ. ಸಾಲುಗಳ ನಡುವೆ ಖಾಲಿ ಕಪ್ಪು ಗೆರೆ ಉಳಿಯುತ್ತದೆ, ಜನ ಇಷ್ಟಪಡುವ "ಸ್ಕ್ಯಾನ್‌ಲೈನ್" ಅದೇ. ಈ ಬಗೆಯ ಸಿಗ್ನಲ್‌ಗೆ ಎನ್‌ಟಿಎಸ್‌ಸಿಯಲ್ಲಿ 240ಪಿ, ಪಾಲ್‌ನಲ್ಲಿ 288ಪಿ ಅಂತ ಹೆಸರು. ಸಂಖ್ಯೆ ಹೇಳುವುದು ಚಿತ್ರ ಕಾಣುವ ಸಾಲುಗಳನ್ನು ಮಾತ್ರ, ಪಿ ಅಂದರೆ ಇಂಟರ್‌ಲೇಸ್ ಇಲ್ಲ ಅಂತ.

ಟ್ಯೂಬ್ ಟೀವಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಅದು ಸಿಂಕ್ ಹೇಳಿದ ಕಡೆ ಕಿರಣ ತಿರುಗಿಸುತ್ತಿತ್ತು. ಹೊಸ ಟೀವಿ ಹಾಗಲ್ಲ. 15 ಕಿಲೊಹರ್ಟ್ಸ್ ಬಂದ ಕೂಡಲೇ ಇದು ಇಂಟರ್‌ಲೇಸ್ ಪ್ರಸಾರವೇ ಇರಬೇಕು ಅಂತ ಬಹಳಷ್ಟು ಟೀವಿಗಳು ತೀರ್ಮಾನಿಸುತ್ತವೆ. ಎರಡು ಸುತ್ತನ್ನು ಸೇರಿಸಿ ಒಂದು ಚಿತ್ರ ಹೊಲಿಯಲು ಹೋಗುತ್ತವೆ. ಆದರೆ ಇಲ್ಲಿ ಅವು ಎರಡು ಬೇರೆ ಬೇರೆ ಕ್ಷಣದ ಚಿತ್ರಗಳು. ಬಾಚಣಿಗೆ ಹಲ್ಲು ಬರುವುದು ಅದಕ್ಕೇ. ಒಂದು ಸುತ್ತಿನಲ್ಲಿ ತೋರಿಸಿ ಇನ್ನೊಂದರಲ್ಲಿ ಅಡಗಿಸಿ ಗೊಂಬೆಯನ್ನು ಮಿನುಗಿಸುವ ಆಟಗಳಲ್ಲಿ, ಟೀವಿ ಒಂದು ಸುತ್ತನ್ನು ಎಸೆದರೆ ಗೊಂಬೆಯೇ ಮಾಯ.

ಅಗ್ಗದ "ಕಾಂಪೊಸಿಟ್‌ನಿಂದ ಎಚ್‌ಡಿಎಂಐ" ಮತ್ತು "ಸ್ಕಾರ್ಟ್‌ನಿಂದ ಎಚ್‌ಡಿಎಂಐ" ಡಬ್ಬಿಗಳೂ ಸಾಮಾನ್ಯವಾಗಿ ಇದೇ ತಪ್ಪು ಮಾಡುತ್ತವೆ. ಅವು ಹುಟ್ಟಿದ್ದು ವಿಸಿಆರ್ ಮತ್ತು ಡಿವಿಡಿ ಪ್ಲೇಯರ್‌ಗಾಗಿ. ಇನ್ನೊಂದು ಎಚ್ಚರ: ಸ್ಕಾರ್ಟ್ ಸಾಕೆಟ್ ಇದ್ದ ಮಾತ್ರಕ್ಕೆ ಆ ಡಬ್ಬಿ ಆರ್‌ಜಿಬಿ ಓದುತ್ತದೆ ಅಂತಲ್ಲ. ಕೆಲವು ಒಳಗೆ ಕಾಂಪೊಸಿಟ್ ಪಿನ್ ಮಾತ್ರ ಓದುತ್ತವೆ. ಓದುವಂಥವಕ್ಕೂ 16ನೇ ಪಿನ್‌ನಲ್ಲಿ 1ರಿಂದ 3 ವೋಲ್ಟ್ ಸಿಕ್ಕರೆ ಮಾತ್ರ "ಇದು ಆರ್‌ಜಿಬಿ" ಅಂತ ಗೊತ್ತಾಗುವುದು. ಕೇಬಲ್‌ನಲ್ಲಿ ಆ ತಂತಿ ಇಲ್ಲದಿದ್ದರೆ ಚಿತ್ರ ಕಪ್ಪು, ಇಲ್ಲವೇ ಬಣ್ಣಗೇಡಿ.

## ನಡುವಿನ ಪೆಟ್ಟಿಗೆಗಳು

ಹಳೇ ಯಂತ್ರಗಳಿಗೆಂದೇ ಮಾಡಿದ ಪೆಟ್ಟಿಗೆಗಳು 240ಪಿ, 288ಪಿಯನ್ನು ಸರಿಯಾಗಿ ಗುರುತಿಸುತ್ತವೆ. ಅವು ಕೆಲಸ ಮಾಡುವ ರೀತಿ ಎರಡು.

ಮೊದಲನೆಯದು ಸಾಲು ಹೆಚ್ಚಿಸುವುದು. ಒಂದು ಸಾಲು ಬಂದ ಕೂಡಲೇ ಅದನ್ನೇ ಎರಡು, ಮೂರು, ನಾಲ್ಕು ಸಲ ಹೊರಗೆ ಕಳಿಸುವುದು. ಎರಡು ಸಲ ಕಳಿಸಿದರೆ 15.6 ಇದ್ದದ್ದು 31.2 ಕಿಲೊಹರ್ಟ್ಸ್ ಆಯಿತು, ವಿಜಿಎ ಹತ್ತಿರಕ್ಕೆ ಬಂತು. ಓಎಸ್‌ಎಸ್‌ಸಿ ಅನ್ನುವ ಪೆಟ್ಟಿಗೆ ಈ ದಾರಿಯದ್ದು, ಅದರ ವಿನ್ಯಾಸ ಮುಕ್ತವಾಗಿ ಸಿಗುತ್ತದೆ. ಇಡೀ ಚಿತ್ರವನ್ನು ಕೂಡಿಟ್ಟುಕೊಳ್ಳುವುದಿಲ್ಲ, ಹಾಗಾಗಿ ತಡ ಅನ್ನುವುದು ಇಲ್ಲವೆಂದೇ ಹೇಳಬಹುದು. ಆದರೆ ಕಂಪ್ಯೂಟರ್ ಏನು ಕೊಟ್ಟಿತೋ ಅದೇ ವೇಗ ಟೀವಿಗೂ ಹೋಗುತ್ತದೆ. ಪಾಲ್ ಕಮೊಡೋರ್ 64ರದ್ದು ಸೆಕೆಂಡಿಗೆ 50 ಅಲ್ಲ, 50.12. ಸ್ಪೆಕ್ಟ್ರಮ್ 48ರದ್ದು 50.08. ಇಷ್ಟು ಸಣ್ಣ ವ್ಯತ್ಯಾಸವನ್ನು ಹೆಚ್ಚಿನ ಟೀವಿಗಳು ನುಂಗಿಕೊಳ್ಳುತ್ತವೆ, ಕೆಲವು ಒಪ್ಪುವುದಿಲ್ಲ.

ಎರಡನೆಯದು ಇಡೀ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು, ಹಿಗ್ಗಿಸಿ, ಟೀವಿಗೆ ಬೇಕಾದ ಅಳತೆಯಲ್ಲೇ ಕೊಡುವುದು. ಟೀವಿ ತಕರಾರು ಮಾಡುವುದಿಲ್ಲ, ಬದಲಿಗೆ ಸ್ವಲ್ಪ ತಡವಾಗಬಹುದು. ರೆಟ್ರೊಟಿಂಕ್ ಹೆಸರಿನ ಪೆಟ್ಟಿಗೆಗಳಲ್ಲಿ ಎರಡೂ ರೀತಿಯವು ಇವೆ. ಕೈಯಲ್ಲಿ ಬೆಸುಗೆ ಹಾಕಲು ಬರುವವರಿಗೆ ಜಿಬಿಎಸ್ 8200 ಅನ್ನುವ ಅಗ್ಗದ ಬೋರ್ಡ್ ಇದೆ. ಅದರ ಸ್ವಂತ ಸಾಫ್ಟ್‌ವೇರ್ ಅಷ್ಟಕ್ಕಷ್ಟೆ. ಪುಟ್ಟ ವೈಫೈ ಚಿಪ್ ಸೇರಿಸಿ ಜಿಬಿಎಸ್ ಕಂಟ್ರೋಲ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಅದೇ ಬೋರ್ಡ್ ಬೇರೆಯೇ ಆಗಿಬಿಡುತ್ತದೆ.

ಇವೆರಡಕ್ಕೂ ಸೇರದ ಇನ್ನೊಂದಿದೆ: ರಾಸ್ಪ್‌ಬೆರಿ ಪೈ ಜೀರೊ ಮೇಲೆ ಕೂರುವ ಆರ್‌ಜಿಬಿ ಟು ಎಚ್‌ಡಿಎಂಐ. ಬಿಬಿಸಿ ಮೈಕ್ರೊಗಾಗಿ ಶುರುವಾದದ್ದು. ಕಂಪ್ಯೂಟರ್ ಯಾವ ಕ್ಷಣಕ್ಕೆ ಒಂದು ಚುಕ್ಕೆ ಕಳಿಸುತ್ತದೋ ಅದೇ ಕ್ಷಣಕ್ಕೆ ಅದನ್ನು ಓದುತ್ತದೆ. ಹಾಗಾಗಿ ಒಂದೊಂದು ಚುಕ್ಕೆಯೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

## ಯಂತ್ರಕ್ಕೊಂದು ಹಠ

ಸ್ಪೆಕ್ಟ್ರಮ್ 48ರಲ್ಲಿ ಸಿಗುವುದು ಆರ್‌ಎಫ್ ಮಾತ್ರ. ಆದರೆ ಬೋರ್ಡಿನ ಮೇಲಿನ ತಗಡಿನ ಡಬ್ಬಿಗೆ, ಅಂದರೆ ಆರ್‌ಎಫ್ ಮಾಡ್ಯುಲೇಟರ್‌ಗೆ, ಹೋಗುವುದು ಕಾಂಪೊಸಿಟ್ಟೇ. ಮಾಡ್ಯುಲೇಟರ್ ಕೆಲಸವನ್ನು ತಪ್ಪಿಸಿ ಆ ತಂತಿಯನ್ನು ನೇರ ಹೊರಗಿನ ಸಾಕೆಟ್‌ಗೆ ಕೊಟ್ಟರೆ ಕಾಂಪೊಸಿಟ್ ಸಿಕ್ಕಿತು. ಹಳೇ ಕಂಪ್ಯೂಟರ್‌ಗಳ ಬದಲಾವಣೆಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಅನ್ನಬಹುದು.

ಕಮೊಡೋರ್ 64ರಲ್ಲಿ ಆರ್‌ಜಿಬಿ ಇಲ್ಲ, ಎಸ್‌-ವಿಡಿಯೊ ಕೇಬಲ್ಲೇ ಅದಕ್ಕೆ ಮೇಲು. ಆದರೆ ಅದರ ಬಣ್ಣದ ಸಿಗ್ನಲ್ ಇಂದಿನ ಸಾಧನಗಳಿಗೆ ತೀರಾ ಜೋರು. ಕೇಬಲ್‌ನ ಬಣ್ಣದ ತಂತಿಯಲ್ಲಿ ಸುಮಾರು 300 ಓಮ್ ರೆಸಿಸ್ಟರ್ ಇದ್ದರೆ ಸರಿಹೋಗುತ್ತದೆ. ತೀರಾ ಮೊದಲಿನ ಕಮೊಡೋರ್‌ಗಳಲ್ಲಿ ಐದೇ ಪಿನ್, ಅವುಗಳಲ್ಲಿ ಬಣ್ಣ ಬೇರೆಯಾಗಿ ಸಿಗುವುದಿಲ್ಲ.

1987ರ ಅಮಿಗಾ 500ರಲ್ಲಿ ಕಾಂಪೊಸಿಟ್ ಸಾಕೆಟ್ ಇದೆ, ಆದರೆ ಅದು ಕಪ್ಪು ಬಿಳುಪು. ಚಿತ್ರದಲ್ಲಿ ಬಣ್ಣವಿಲ್ಲ ಅಂತ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಬಣ್ಣ ಬೇಕಿದ್ದರೆ 23 ಪಿನ್ನಿನ ಆರ್‌ಜಿಬಿ ಸಾಕೆಟ್ ಬಳಸಬೇಕು. ಅಮಿಗಾ 1200 ಕೆಲವು ಮೋಡ್‌ಗಳಲ್ಲಿ ವಿಜಿಎ ವೇಗಕ್ಕೆ ಏರುತ್ತದೆ. ಆದರೆ ಆಟದ ಡಿಸ್ಕ್ ಹಾಕಿದ ಕೂಡಲೇ 15ಕ್ಕೆ ಇಳಿಯುತ್ತದೆ, ಮಾನಿಟರ್ ಕಪ್ಪಾಗುತ್ತದೆ.

ಅಟಾರಿ ಎಸ್‌ಟಿಯದ್ದು ತಿರುವುಮುರುವು. ಅದರ ಕಪ್ಪು ಬಿಳುಪಿನ 640 ಗುಣಿಸು 400 ಮೋಡ್ ಸುಮಾರು 35.7 ಕಿಲೊಹರ್ಟ್ಸ್‌ನದ್ದು. ಸಾಮಾನ್ಯ ವಿಜಿಎ ಮಾನಿಟರ್‌ಗೆ ಬರೀ ಒಂದು ಅಡಾಪ್ಟರ್ ಕೇಬಲ್‌ನಲ್ಲಿ ಹೋಗುತ್ತದೆ. ಬಣ್ಣದ ಮೋಡ್‌ಗಳು ಮಾತ್ರ 15.

ಬಿಬಿಸಿ ಮೈಕ್ರೊದ ಆರ್‌ಜಿಬಿ ಬೇರೆ ಜಾತಿ. ಅದು 5 ವೋಲ್ಟ್ ಲೆಕ್ಕದ ಡಿಜಿಟಲ್: ಬಣ್ಣ ಇದೆ ಅಥವಾ ಇಲ್ಲ, ಅಷ್ಟೇ, ಹಾಗಾಗಿ ಒಟ್ಟು ಎಂಟು ಬಣ್ಣ. ಸ್ಕಾರ್ಟ್ ಕಡೆ ಬಯಸುವುದು 0.7 ವೋಲ್ಟ್. ನಡುವೆ ರೆಸಿಸ್ಟರ್ ಇಲ್ಲದೆ ಸುಮ್ನೆ ಜೋಡಿಸಿದರೆ ಪೆಟ್ಟಿಗೆಗೆ ಏಟು ಬೀಳಬಹುದು.

## ಸ್ವಿಚ್ ಒತ್ತುವ ಮುಂಚೆ

ಇದು ಚಿತ್ರದ ವಿಷಯವಲ್ಲ, ಆದರೂ ಹೇಳದೆ ಬಿಡುವಂತಿಲ್ಲ. ಕಮೊಡೋರ್ 64ರ ಮೂಲ ಪವರ್ ಸಪ್ಲೈ ಹಳತಾದರೆ ಅದರ 5 ವೋಲ್ಟ್ ಸಾಲು ಮೇಲಕ್ಕೆ ಏರಬಹುದು, ಆಗ ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಮೊದಲು ಮೀಟರ್ ಹಿಡಿದು ನೋಡಿ, ಅಥವಾ ಹೊಸ ಸಪ್ಲೈ ಬಳಸಿ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪಿನ್ನಿನಲ್ಲಿ ನಡುವಿನದು ಮೈನಸ್. ಇವತ್ತಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುವಿನದು ಪ್ಲಸ್. ಕೈಗೆ ಸಿಕ್ಕಿದ್ದನ್ನು ಚುಚ್ಚಿದರೆ ಚಿತ್ರದ ಮಾತು ಆಮೇಲೆ. ವಿಡಿಯೊ ಕೇಬಲ್‌ಗಳನ್ನು ಎರಡೂ ಕಡೆ ಆಫ್ ಮಾಡಿಯೇ ಜೋಡಿಸಿ.

## ಚಿತ್ರ ಬಂದ ಮೇಲೆ

ಟೀವಿಯಲ್ಲಿ ಗೇಮ್ ಮೋಡ್ ಹಾಕಿ. ಚಿತ್ರ ತಿದ್ದುವ ಕೆಲಸಗಳನ್ನು ಅದು ಬಿಡುತ್ತದೆ, ಕೀ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ. ಪಾಲ್ ಯಂತ್ರದಲ್ಲಿ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡ್. ಅಂಥ ನಾಲ್ಕೈದು ಚಿತ್ರದಷ್ಟು ತಡವಾದರೆ ಜಿಗಿಯುವ ಆಟದಲ್ಲಿ ಗುಂಡಿಗೇ ಬೀಳುವುದು.

ಪಕ್ಕಕ್ಕೆ ಸರಿಯುವ ಚಿತ್ರ ಆಗಾಗ ಮುಗ್ಗರಿಸಿದರೆ 50 ಮತ್ತು 60ರ ಜಗಳ ಅಂತ ತಿಳಿಯಿರಿ. ಸೆಕೆಂಡಿಗೆ 50 ಚಿತ್ರ ಕೊಡುವ ಯಂತ್ರವನ್ನು 60 ಮಾತ್ರ ತೋರಿಸುವ ಮಾನಿಟರ್‌ಗೆ ಹಾಕಿದರೆ, ನಡುನಡುವೆ ಒಂದೊಂದು ಚಿತ್ರ ಎರಡು ಸಲ ಬರುತ್ತದೆ. ಇದಕ್ಕೆ 50 ಹರ್ಟ್ಸ್ ಒಪ್ಪುವ ಪರದೆಯೇ ಪರಿಹಾರ. ಟೀವಿಗಳು ಈ ವಿಷಯದಲ್ಲಿ ಮಾನಿಟರ್‌ಗಳಿಗಿಂತ ವಾಸಿ, ಅದರಲ್ಲೂ ಪಾಲ್ ಇದ್ದ ದೇಶಗಳಿಗೆ ಮಾಡಿದವು.

ಆಮೇಲೆ ಅಗಲವನ್ನು 4:3ಕ್ಕೆ ಇಡಿ. 16:9ಕ್ಕೆ ಎಳೆದರೆ ವೃತ್ತಗಳೆಲ್ಲ ಮೊಟ್ಟೆಯಾಗುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದು ವಸ್ತು ಮಾತ್ರ ಹೊಸ ಪರದೆಯಲ್ಲಿ ನಡೆಯುವುದಿಲ್ಲ: ಆ ಕಾಲದ ಲೈಟ್ ಪೆನ್ ಮತ್ತು ಆಟದ ಬಂದೂಕು. ಕಿರಣ ಪರದೆಯ ಯಾವ ಜಾಗ ದಾಟಿತು ಅನ್ನುವುದನ್ನು ನೋಡಿಯೇ ಅವು ಗುರಿ ಲೆಕ್ಕ ಹಾಕುತ್ತವೆ. ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ. ಅವು ಬೇಕೇ ಬೇಕು ಅನ್ನುವವರು ಒಂದು ಟ್ಯೂಬ್ ಟೀವಿ ಹುಡುಕಬೇಕು, ಮತ್ತು ಅದರ ಹಿಂದಿನ ಮುಚ್ಚಳ ಮಾತ್ರ ತೆಗೆಯಬಾರದು. ಒಳಗಿನ ಸಾವಿರಾರು ವೋಲ್ಟ್ ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರುತ್ತದೆ.